ಒಳಗೆ ಹೋದ ಹತ್ತು ಒಂಬತ್ತುಗಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಆನ್‌ಲೈನ್ ಅರ್ಜಿ ತುಂಬುವುದರಲ್ಲಿ ನಮ್ಮ ಓಣಿಯಲ್ಲೇ ನನ್ನಷ್ಟು ಜಾಣ ಇನ್ನೊಬ್ಬನಿಲ್ಲ. ಅರ್ಜಿಯ ಖಾನೆಗಳು ತಮ್ಮತಮ್ಮಲ್ಲಿ ಮಾತಾಡುವುದೂ ನನಗೆ ಕೇಳಿಸುತ್ತದೆ.

ಪಕ್ಕದ ಮನೆಯ ಚಂಪವ್ವನ ಕಣ್ಣಿನ ಪೊರೆ ಆಪರೇಷನ್ನಿಗೆ ಅರ್ಜಿ ತುಂಬುತ್ತಿದ್ದೆ. ಫೋನ್ ನಂಬರಿನ ಖಾನೆಯ ಬಾಗಿಲಲ್ಲಿ ರೆಗೆಕ್ಸ್ ಎಂಬ ಕಾವಲುಗಾರ, ಅಂದರೆ ಬರೆದದ್ದರ ಅಚ್ಚು ಸರಿಯಿದೆಯೇ ಎಂದಷ್ಟೇ ನೋಡುವ ಕಂಪ್ಯೂಟರ್ ನಿಯಮ, ನಿಂತಿದ್ದ. ಬಂದವರ ಆಕಾರ ನೋಡಿ ಒಳಗೆ ಬಿಡುವುದು ಅವನ ಕೆಲಸ. ಮೊದಲು ಚಂಪವ್ವನ ಮನೆಯ ಲ್ಯಾಂಡ್‌ಲೈನ್ ನಂಬರು ಬಂತು.

“ಹತ್ತೇ ಅಂಕಿ ಇರಬೇಕು. ನಿನಗೆ ಹನ್ನೊಂದಿವೆ, ಅದೂ ಸೊನ್ನೆಯಿಂದ ಶುರು. ಹಿಂದೆ ಸರಿ,” ಎಂದ ರೆಗೆಕ್ಸ್.

“ಸ್ವಾಮಿ, ಆಕೆಗೆ ಬೇರೆ ಫೋನಿಲ್ಲ. ನಾನು ರಿಂಗಾದರೆ ಗೋಡೆ ತಡವಿಕೊಂಡಾದರೂ ಬಂದು ಎತ್ತುತ್ತಾಳೆ,” ಎಂದು ಬೇಡಿತು ಆ ನಂಬರು.

“ಯಾರು ಎತ್ತುತ್ತಾರೆ ಎಂದು ನಾನು ಕೇಳಿದೆನೇ?”

ಅಷ್ಟರಲ್ಲಿ ಹತ್ತು ಒಂಬತ್ತುಗಳು ಸಾಲಾಗಿ ಬಂದು ನಿಂತವು.

“ನೀವು ಯಾರ ಮನೆಯವರಪ್ಪ?” ಎಂದಿತು ಲ್ಯಾಂಡ್‌ಲೈನ್.

“ಯಾರ ಮನೆಯವರೂ ಅಲ್ಲ,” ಎಂದು ಅವು ನಕ್ಕವು.

ರೆಗೆಕ್ಸ್ ಎಣಿಸಿದ. ಸರಿಯಾಗಿ ಹತ್ತಿದ್ದವು. “ದಯಮಾಡಿಸಿ,” ಎಂದ.

ತಿಂಗಳ ಮೇಲೆ ಚಂಪವ್ವನ ಸರದಿ ಬಂತು. ಆಸ್ಪತ್ರೆಯವರು ಆ ಒಂಬತ್ತುಗಳಿಗೆ ಮೂರು ಸಲ ಫೋನ್ ಮಾಡಿ, ಉತ್ತರವಿಲ್ಲದೆ ಅವಳ ಹೆಸರು ಹೊಡೆದುಹಾಕಿದರು. ಅವಳು ಇವತ್ತಿಗೂ ಫೋನಿನ ಪಕ್ಕದಲ್ಲೇ ಕೂತಿರುತ್ತಾಳೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ, “ನೀ ತುಂಬಿದ ಅರ್ಜಿ ಅಣ್ಣಾ, ಫೋನ್ ಬಂದೇ ಬರತೈತಿ,” ಎನ್ನುತ್ತಾಳೆ.

ಎಲ್ಲವೂ ನಿಜ. ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿದ್ದು: ಆ ಒಂಬತ್ತುಗಳು ತಾವಾಗಿ ಬರಲಿಲ್ಲ. ತಪ್ಪು, ತಪ್ಪು ಎಂದು ಮೂಡುತ್ತಿದ್ದ ಕೆಂಪಕ್ಷರಕ್ಕೆ ಬೇಸತ್ತು, ಅವನ್ನು ಒತ್ತಿದವನು ನಾನೇ.