ಬೀಗರ ಬತ್ತೇರಿ

ಸಿಡಿಗಲ್ಲು ದುರ್ಗ ನೋಡಲು ಬರುವವರು ಈಗ ಬಹಳ. ರಜೆ ಬಂತೆಂದರೆ ಸಾಕು, ಬಸ್ಸಿನಿಂದ ಇಳಿದು, ಅಗಸೆ ಬಾಗಿಲ ಮುಂದೆ ಫೋಟೊ ಹೊಡೆಸಿಕೊಂಡು, ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಾರೆ. ಮೇಲೆ ಅರಮನೆಯ ಪಾಯವಷ್ಟೇ ಉಳಿದಿದೆ. ಕಣಜಕ್ಕೆ ಸೂರಿಲ್ಲ, ಮದ್ದಿನ ಮನೆಯೊಳಗೆ ಪಾಪಾಸುಕಳ್ಳಿ ಆಳೆತ್ತರ ಬೆಳೆದಿದೆ. ಇದಕ್ಕಿಂತ ದೊಡ್ಡ ಕೋಟೆಗಳು ನಾಡಿನಲ್ಲಿ ಎಷ್ಟೋ ಇವೆ, ಇರಲಿ. ಅವು ಒಂದಲ್ಲ ಒಂದು ಸಲ ಹಗೆಯ ಕೈ ಸೇರಿದವು, ಸಿಡಿಗಲ್ಲು ಸೇರಲಿಲ್ಲ. ಅಗಸೆಯ ಬಲಕ್ಕೆ ಹೊಟ್ಟೆ ಮುಂದೆ ಮಾಡಿ ನಿಂತಿರುವ ಬತ್ತೇರಿಯ ಹತ್ತಿರ ಬಂದಾಗ ಮಾತ್ರ ಎಲ್ಲರೂ ನಿಲ್ಲುತ್ತಾರೆ. ತೋಪಿನ ಬತ್ತೇರಿ, ಕಾವಲು ಬತ್ತೇರಿ ಎಂದರೆ ಯಾರಿಗೂ ತಿಳಿಯುತ್ತದೆ. ಇದನ್ನು ಬೀಗರ ಬತ್ತೇರಿ ಎಂದು ಏಕೆ ಕರೆಯುತ್ತಾರೆ, ಇಲ್ಲೇನು ಮದುವೆ ನಡೆಯುತ್ತಿತ್ತೇ ಎಂದು ಕೇಳುತ್ತಾರೆ. ಇಲ್ಲಿ ಒಂದು ಮದುವೆಯೂ ನಡೆದಿಲ್ಲ. ಒಂದು ಮದುವೆ ನಡೆಯಬಾರದೆಂದೇ ಇಷ್ಟೆಲ್ಲ ಆಯಿತು.

ಹಿಂದೆ ಒಮ್ಮೆ, ದುರ್ಗವನ್ನು ವೀರಪ್ಪ ನಾಯಕ ಆಳುತ್ತಿದ್ದ ಕಾಲದಲ್ಲಿ, ಕರಡಿಕಟ್ಟೆಯ ಪಾಳೆಯಗಾರ ಜಡೆಯ ನಾಯಕ ಇಲ್ಲಿಯ ಅರಮನೆಯ ಮಗಳನ್ನು ಕೇಳಿ ಕಳಿಸಿದನಂತೆ. ಆತನಿಗೆ ಆಗಲೇ ನೆರೆತ ಮೀಸೆ, ಹುಡುಗಿಗೆ ಇನ್ನೂ ಕುಂಟಬಿಲ್ಲೆ ಆಡುವ ವಯಸ್ಸು. ಕೊಡುವುದಿಲ್ಲ ಎಂದು ಹೇಳಿದ್ದೇ ತಡ, ಜಡೆಯ ನಾಯಕ ಏಣಿ, ಹಗ್ಗ, ದಂಡು ಕಟ್ಟಿಕೊಂಡು ಬಂದು ಅಗಸೆಯ ಮುಂದಿನ ಬಯಲಿನಲ್ಲಿ ಡೇರೆ ಹಾಕಿದ. ಗೋಡೆಗೆ ಅವನು ಹೆದರಿರಲಿಲ್ಲ, ಅವನಿಗೆ ದುರ್ಗದವರೂ ಹೆದರಿರಲಿಲ್ಲ. ಹೀಗೆ ಇಬ್ಬರೂ ಮುಖ ನೋಡಿಕೊಂಡು ಕುಳಿತಿದ್ದಾಗ ಕಾಲವಲ್ಲದ ಕಾಲದಲ್ಲಿ ಒಂದು ದೊಡ್ಡ ಮಳೆ ಬಿತ್ತು. ಬೆಳಗಾಗಿ ನೋಡಿದರೆ ಕೋಟೆಯ ಹಿಂದಿನ ಗೋಡೆ ಎರಡು ಬಂಡಿ ಜೋಡಿಯಾಗಿ ಹೋಗುವಷ್ಟು ಅಗಲ ಕುಸಿದು ಕಣಿವೆಗೆ ಜಾರಿತ್ತು.

ಆ ಗೋಡೆಯ ಕೆಲಸ ದ್ಯಾವಪ್ಪನದು. ಅವನು ದುರ್ಗದ ಕಲ್ಲುಕಟ್ಟಡದ ಮೇಸ್ತ್ರಿ. ಗಂಡಸರೆಲ್ಲ ಕಲ್ಲು ಹೊತ್ತರೆ ಸಂಜೆಯೊಳಗೆ ಮುಚ್ಚಬಹುದು, ಆದರೆ ಕಲ್ಲು ಹೊತ್ತವನ ಕೈಯಲ್ಲಿ ಕತ್ತಿ ಇರುವುದಿಲ್ಲ ಎಂದು ಅವನು ವೀರಪ್ಪ ನಾಯಕನಿಗೆ ಹೇಳಿದ. ಕರಡಿಕಟ್ಟೆಯ ಕಾವಲಿನ ಸವಾರರು ಆಗಾಗ ಕೋಟೆಯನ್ನು ಸುತ್ತು ಹಾಕುತ್ತಿದ್ದರು. ಒಬ್ಬ ಸವಾರ ಹಿಂದಕ್ಕೆ ಬಂದು ಆ ಬಾಯಿ ಕಂಡರೆ ಮುಗಿಯಿತು. ಮೊದಲು ಸಾಯುವವನು ಕುಸಿದಲ್ಲಿ ನಿಂತು ಕಲ್ಲು ಕಟ್ಟುವ ದ್ಯಾವಪ್ಪ. ಇದನ್ನೆಲ್ಲ ಕೇಳುತ್ತ ಅವನ ಹೆಂಡತಿ ಹಂಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ಹಂಪವ್ವನ ಹೆಸರು ಕೇಳಿದರೆ ಸುತ್ತಲಿನ ಹಳ್ಳಿಗಳ ಗಂಡಿನ ಕಡೆಯವರು ನಡುಗುತ್ತಿದ್ದರು ಎನ್ನುತ್ತಾರೆ. ಈ ಸೀಮೆಯಲ್ಲಿ ಮದುವೆಗೆ ಬಂದ ಬೀಗರನ್ನು ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲಿ ಬೈದು ಮರ್ಯಾದೆ ಮಾಡುವುದು ವಾಡಿಕೆ. ಬೀಗರು ಸಿಟ್ಟಾಗುವಂತಿಲ್ಲ, ಎದ್ದು ಹೋಗುವಂತಿಲ್ಲ, ಹಾಡಿಗೆ ಹಾಡಿನಲ್ಲೇ ಉತ್ತರ ಕೊಡಬೇಕು. ಹಾಡು ಮುಗಿದ ಮೇಲೆ ಹೆಣ್ಣಿನ ಕಡೆಯವರು ವೀಳ್ಯ ಕೊಡುತ್ತಾರೆ. ಬೀಗರಲ್ಲಿ ಒಬ್ಬ ಅದನ್ನು ಬಾಯಿಗೆ ಹಾಕಿಕೊಂಡರೂ ಅಲ್ಲಿಗೆ ಎಲ್ಲ ಮುಗಿಯಿತು, ಅವರ ಕಡೆಯ ಯಾರೂ ಆ ಮನೆಯ ಮೇಲೆ ಕೈ ಎತ್ತುವಂತಿಲ್ಲ. ಹಂಪವ್ವನಿಗೆ ಉತ್ತರ ಕೊಟ್ಟು ಉಳಿದ ಬೀಗರು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು. ಮುಚ್ಚಿಡುವ ಸ್ವಭಾವವೂ ಅವಳದಲ್ಲ.

"ಮುಂದಿನ ಬತ್ತೇರಿಗೆ ನನ್ನ ಬಿಡ್ರಿ ದಣೇರ" ಎಂದಳು. "ಜೊತಿಗೆ ದನಿ ಇದ್ದ ಹೆಣಮಕ್ಕಳನ್ನ ಕೊಡ್ರಿ."

ವೀರಪ್ಪ ನಾಯಕನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಹಾಡಿಗೆ ದಂಡು ನಿಲ್ತದೇನಬೇ?"

"ದಂಡಿನ ಮಾತು ನನಗ ತಿಳಿಯಂಗಿಲ್ರಿ. ಬಂದೋರು ಗಂಡಿನ ಕಡ್ಯಾರು. ಗಂಡಿನ ಕಡ್ಯಾರನ್ನ ಹೆಂಗ ಕೂಡ್ರಿಸಬೇಕು ಅನ್ನೂದು ನನಗ ಗೊತ್ತೈತಿ."

ಬಿಸಿಲು ಏರುವ ಹೊತ್ತಿಗೆ ಹಂಪವ್ವ ತನ್ನ ಗೆಳತಿಯರೊಂದಿಗೆ ಬತ್ತೇರಿಯ ತುದಿಯಲ್ಲಿ ನಿಂತು, ಕೆಳಗಿನ ಡೇರೆಗಳ ಕಡೆ ಕೈ ಚಾಚಿ ದನಿ ತೆಗೆದಳು.

ಸೀರಿ ತರಲಿಲ್ಲ, ಬಳಿಯೊಂದ ತರಲಿಲ್ಲ
ಏಣಿ ಹೊತಗೊಂಡು ಬಂದಾರ – ಬೀಗರು
ಮದುವೀಗೊ ಮಾಳಿಗಿ ಏರಾಕೊ?

ಬಯಲಿನವರ ತಲೆಗಳೆಲ್ಲ ಒಮ್ಮೆಲೇ ಮೇಲಕ್ಕೆ ತಿರುಗಿದವು. ಆಮೇಲೆ ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ. ಅವರೂ ಹಳ್ಳಿಯವರೇ, ಬಂದದ್ದು ಹೆಣ್ಣಿಗಾಗಿ ಎಂಬುದೂ ಸುಳ್ಳಲ್ಲ. ಉತ್ತರ ಕೊಡದಿದ್ದರೆ ಕರಡಿಕಟ್ಟೆಯ ಮಾನ ಹೋಯಿತು. ದಂಡಿನ ಅಡುಗೆಯವನು ಗುಂಡಪ್ಪನೆಂಬುವನು ತನ್ನೂರ ಮದುವೆಗಳಲ್ಲಿ ಹೆಸರಾದ ಹಾಡುಗಾರ. ಸೌಟು ಹಿಡಿದುಕೊಂಡೇ ಓಡಿ ಬಂದು, ಗಂಟಲು ಸರಿ ಮಾಡಿಕೊಂಡು ಹಾಡಿದ.

ಏಣಿ ತಂದೇವವ್ವ ಗೋಣಿ ಇಣುಕಾಕ
ಜ್ವಾಳೈತೊ ಬರಿಯ ಹೊಟ್ಟೈತೊ – ಬೀಗತಿ
ಉಣ್ಣಾಕ ಕರಿಯೊ ಮನಿಯೇನ?

ಕೆಳಗೆ ದಂಡು ಹೋ ಎಂದಿತು. ಸುತ್ತು ಹಾಕಲು ಹೊರಟಿದ್ದ ಸವಾರರು ಕುದುರೆ ತಿರುಗಿಸಿಕೊಂಡು ಬಂದು ಗುಂಪಿನಲ್ಲಿ ನಿಂತರು. ಹಂಪವ್ವನಿಗೆ ಬೇಕಾದದ್ದು ಅದೇ. ಗುಂಡಪ್ಪನ ಪದ ದುರ್ಗದ ಬರಿದಾಗುತ್ತಿದ್ದ ಕಣಜದ ತಳಕ್ಕೇ ತಾಗಿತ್ತು, ಚುಚ್ಚಿತ್ತು ಕೂಡ. ಆದರೆ ಅವಳು ಕಣ್ಣು ಮಿಟುಕಿಸಲಿಲ್ಲ. ಜಡೆಯ ನಾಯಕನ ಮೀಸೆಗೆ ಹಚ್ಚಿದ ಮಸಿಯಿಂದ ಹಿಡಿದು ಅವನ ಕುದುರೆಯ ಬಾಲದವರೆಗೆ ಒಂದನ್ನೂ ಬಿಡದೆ ಹಾಡಿಗೆ ಎಳೆದಳು. ಗುಂಡಪ್ಪನೂ ಬಿಡಲಿಲ್ಲ. ಅವನ ಒಲೆಯ ಮೇಲಿನ ನುಚ್ಚು ತಳ ಹಿಡಿದು ಬಯಲೆಲ್ಲ ಸೀದ ವಾಸನೆ ಎದ್ದಾಗ, ಆ ವಾಸನೆಗೂ ಹಂಪವ್ವ ಒಂದು ಪದ ಕಟ್ಟಿದಳಂತೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಹಿಂದಿನ ಗೋಡೆಯಲ್ಲಿ ಒಂದು ಹೆಗ್ಗಲ್ಲು ಕೈ ಜಾರಿ ಬಿತ್ತು. ಗುಡುಗಿನಂಥ ಆ ಸದ್ದು ಬಯಲಿಗೆ ಕೇಳಿಸಿತು. ಹಂಪವ್ವನಿಗೂ ಕೇಳಿಸಿತು. ಕಲ್ಲು ಗಂಡನ ಮೇಲೆ ಬಿತ್ತೋ, ಪಕ್ಕಕ್ಕೆ ಬಿತ್ತೋ, ತಿರುಗಿ ನೋಡುವಂತಿಲ್ಲ. ಅವಳು ತಿರುಗಿದರೆ ಬಯಲೆಲ್ಲ ಆ ಕಡೆಗೇ ತಿರುಗುತ್ತದೆ. ಡೇರೆಯಿಂದ ಹೊರಬಂದ ಜಡೆಯ ನಾಯಕ "ಏನದು ಸಪ್ಪಳ?" ಎಂದು ಗದರಿದ. ಅವನ ಮಾತು ಮುಗಿಯುವ ಮೊದಲೇ ಮೇಲಿನಿಂದ ಹಾಡು ಬಂತು.

ಗುಡುಗಂತ ಅಂಜಬ್ಯಾಡ್ರಿ, ಸಿಡಿಲಂತ ಓಡಬ್ಯಾಡ್ರಿ
ಬೀಗರ ಹೊಟ್ಟಿ ಬಲು ದೊಡ್ಡವು – ಅದಕಾಗಿ
ಬೀಸಾಕ ಹತ್ಯಾರ ಮನಿಮಂದಿ

ದಂಡು ಬಿದ್ದು ಬಿದ್ದು ನಕ್ಕಿತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ದುರ್ಗದ ಯಾವ ಮನೆಯಲ್ಲೂ ಬೀಸುಕಲ್ಲು ಇರಲಿಲ್ಲ. ಕಲ್ಲು ಸಾಲದೆ ಎಲ್ಲವನ್ನೂ ಗೋಡೆಗೆ ಹೊತ್ತು ಹಾಕಿದ್ದರು. ಜಡೆಯ ನಾಯಕ ಮಾತ್ರ ನಗಲಿಲ್ಲ. ತನ್ನ ದಂಡೇ ತನ್ನ ಹೊಟ್ಟೆ ನೋಡಿ ನಗುತ್ತಿದೆ ಎಂದು ಉರಿದುಹೋಗಿ, ಬಿಲ್ಲುಗಾರರ ಕಡೆ ತಿರುಗಿ, ಆಕೀನ ಕೆಡವ್ರಿ ಎಂದು ಅಪ್ಪಣೆ ಮಾಡಿದ. ಒಬ್ಬನೂ ಬಿಲ್ಲು ಎತ್ತಲಿಲ್ಲ.

"ದಣಿ, ಕ್ವಾಟಿ ಏರು ಅನ್ರಿ, ಏರತೇವಿ" ಎಂದ ಬಿಲ್ಲುಗಾರರ ಹಿರಿಯ. "ಬೀಗರ ಹಾಡು ಹೇಳೋ ಹೆಣಮಗಳ ಮ್ಯಾಲ ಬಾಣ ಬಿಟ್ರಂತ ಸುದ್ದಿ ಆದ್ರ, ನಾಳಿ ನಮ್ಮ ಹುಡುಗ್ರಿಗೆ ಯಾರ ಹೆಣ್ಣು ಕೊಡ್ತಾರ?"

"ಇನ್ನೊಂದೀಟು ತಡೀರಿ ದಣಿ, ನಾನ ಸೋಲಸ್ತೇನಿ" ಎಂದು ಗುಂಡಪ್ಪ ಸೌಟು ಎತ್ತಿದ.

ಹೊತ್ತು ಇಳಿಯಿತು. ಗೆಳತಿಯರ ದನಿ ಒಬ್ಬೊಬ್ಬರದಾಗಿ ಬಿತ್ತು. ಕೊನೆಗೆ ಹಂಪವ್ವ ಒಬ್ಬಳೇ ಉಳಿದಳು, ಅವಳ ಗಂಟಲೂ ಒಡೆದ ಮಡಕೆಯಾಗಿತ್ತು. ಗಂಡ ಬದುಕಿದ್ದಾನೋ ಇಲ್ಲವೋ ಎಂಬುದು ಇನ್ನೂ ತಿಳಿದಿರಲಿಲ್ಲ. ಆಗ ಬತ್ತೇರಿಯ ಮೆಟ್ಟಿಲ ಬುಡದಲ್ಲಿ ಯಾರೋ ಕೆಮ್ಮಿದ ಸದ್ದಾಯಿತು. ತಲೆಯಿಂದ ಕಾಲಿನವರೆಗೆ ಗಚ್ಚು ಮೆತ್ತಿಕೊಂಡ ದ್ಯಾವಪ್ಪ ನಿಂತಿದ್ದ. "ಮುಚ್ಚೇವಿ. ಇನ್ನ ಸಾಕ ಮಾಡ" ಎಂದ.

ಸಾಕು ಮಾಡುವುದು ಸುಲಭವಿತ್ತು. ಆದರೆ ಗೋಡೆಯ ಗಚ್ಚು ಇನ್ನೂ ಹಸಿ. ದಂಡು ಅಲ್ಲೇ ಉಳಿದರೆ ಇಂದಲ್ಲ ನಾಳೆ ಅದರ ಕಣ್ಣಿಗೆ ಬೀಳದೆ ಇರದು. ಹಂಪವ್ವ ಸೊಂಟದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, ಬುಟ್ಟಿಯಲ್ಲಿಟ್ಟು ಹಗ್ಗದಿಂದ ಗೋಡೆಯ ಕೆಳಗೆ ಬಿಟ್ಟಳು. ಉಳಿದ ದನಿಯಲ್ಲಿ ಹಾಡಿದಳು.

ಹಾಡಿ ದಣಿದೀರಿ, ಗಂಟಲ ಒಣಗ್ಯಾವ
ಎಲಿಯಡಕಿ ಹಾಕಿ ನಡಿಯೀರಿ – ಬೀಗರ
ಕೂಸಿನ್ನ ಸಣ್ಣದು ನಮ್ಮನಿಯಾಗ

ಇಡೀ ದಿನ ಹಾಡಿ ಹಸಿದಿದ್ದ ಗುಂಡಪ್ಪನಿಗೆ ಇಂಥ ಬೀಗತಿ ಮತ್ತೆಲ್ಲಿ ಸಿಗಬೇಕು ಅನ್ನಿಸಿತೋ ಏನೋ, ಮುಂದೆ ಬಂದು, ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು, ಹಣೆಗೆ ಒತ್ತಿಕೊಂಡು, ಎಲ್ಲ ಮದುವೆಗಳಲ್ಲಿ ಮಾಡುವಂತೆಯೇ ಬಾಯಿಗೆ ಹಾಕಿಕೊಂಡ. ಆಮೇಲೆ ಅವನಿಗೇ ಹೊಳೆಯಿತು. ದಂಡಿಗೂ ಹೊಳೆಯಿತು.

"ಉಗುಳಲೇ" ಎಂದ ಜಡೆಯ ನಾಯಕ.

"ನುಂಗಿದ್ನಲ್ಲ ದಣಿ" ಎಂದ ಗುಂಡಪ್ಪ.

ದುರ್ಗದ ಎಲೆ ದಂಡಿನ ಹೊಟ್ಟೆ ಸೇರಿತ್ತು. ಬಿಲ್ಲುಗಾರರು ಬಿಲ್ಲಿನ ಹೆದೆ ಬಿಚ್ಚಿದರು, ಏಣಿ ಹೊತ್ತವರು ಏಣಿ ಮಲಗಿಸಿದರು. ಒಬ್ಬನೇ ಕೋಟೆ ಹತ್ತಲಾರದ ಜಡೆಯ ನಾಯಕ ಬೈದು, ಬೇಡಿಕೊಂಡು, ಕೊನೆಗೆ ತಾನೂ ಕುದುರೆ ಏರಿದ. ಮರುದಿನ ಬೆಳಗಿಗೆ ಬಯಲಿನಲ್ಲಿ ಡೇರೆಯ ಗೂಟದ ಗುಂಡಿಗಳಷ್ಟೇ ಇದ್ದವು. ಅರಮನೆಯ ಮಗಳು ಕುಂಟಬಿಲ್ಲೆ ಆಡಿಕೊಂಡೇ ಇದ್ದಳು. ಮದುವೆಯಿಲ್ಲದೆ ಬೀಗತನವಾದದ್ದು ಲೋಕದಲ್ಲಿ ಅದೊಂದೇ ಇರಬೇಕು. ಅಂದಿನಿಂದ ಕರಡಿಕಟ್ಟೆಯವರನ್ನು ಸಿಡಿಗಲ್ಲಿನವರು ಬೀಗರೆಂದೇ ಕರೆಯುತ್ತಾರೆ, ಹಂಪವ್ವ ನಿಂತು ಹಾಡಿದ ಜಾಗಕ್ಕೆ ಬೀಗರ ಬತ್ತೇರಿ ಎನ್ನುತ್ತಾರೆ.

ಇಂದಿಗೂ ಬತ್ತೇರಿಯ ತುದಿಯ ಕಲ್ಲು ನುಣ್ಣಗೆ ಸವೆದು ಹೊಳೆಯುತ್ತದೆ. ಮೇಲೆ ಹೋದವರೆಲ್ಲ ಅದರ ಮೇಲೆ ನಿಂತು ಬಯಲಿಗೆ ಒಂದು ಕೂಗು ಹಾಕದೆ ಇಳಿಯುವುದಿಲ್ಲ. ಕರಡಿಕಟ್ಟೆಯಿಂದ ಕೋಟೆ ನೋಡಲು ಬಂದವರು ಮಾತ್ರ ಮೇಲೆ ಹತ್ತದೆ ಕೆಳಗೇ ನಿಂತು, ಊರಿನಿಂದ ಕಟ್ಟಿಕೊಂಡು ಬಂದ ಒಂದು ಪದ ಹಾಡುತ್ತಾರೆ. ಗುಡ್ಡದ ಮೇಲೆ ಸಿಡಿಗಲ್ಲಿನ ಹೆಣ್ಣುಮಗಳು ಯಾರಾದರೂ ಇದ್ದೇ ಇರುತ್ತಾಳೆ, ಸೌದೆಗೋ ಆಡು ಕಾಯಲೋ ಬಂದವಳು. ಅವಳು ಕೆಲಸ ಬಿಟ್ಟು ಗೋಡೆಯ ಅಂಚಿಗೆ ಬಂದು ಉತ್ತರ ಕೊಡುತ್ತಾಳೆ. ಕರಡಿಕಟ್ಟೆಯವರು ಈವರೆಗೆ ಗೆದ್ದಿಲ್ಲ.