ಅಜ್ಜನ ಸೊಳ್ಳೆಪರದೆ

ಇಟ್ಟಿಗೆ ಭಟ್ಟಿಯ ಕೂಲಿಯವರ ಗುಡಿಸಲೊಂದರಲ್ಲಿ ಒಂದೇ ಒಂದು ಸೊಳ್ಳೆಪರದೆಯಿತ್ತು. ಮನೆಗೆ ಬಂದ ಒಳ್ಳೆಯದೆಲ್ಲ ಮೊದಲು ಹಿರಿಯರಿಗೆ ಸಲ್ಲಬೇಕೆಂಬುದು ಅಲ್ಲಿಯ ರೂಢಿ. ಹಾಗಾಗಿ ಸೊಸೆ ಹುಲಿಗೆವ್ವ ಅದನ್ನು ಮಾವ ದುರ್ಗಪ್ಪಜ್ಜನ ಹಾಸಿಗೆಗೇ ಕಟ್ಟುತ್ತಿದ್ದಳು. ಮನೆಯನ್ನೆಲ್ಲ ತಾನೇ ಕಾಯುತ್ತಿದ್ದೇನೆಂದು ಪರದೆ ಬೀಗುತ್ತಿತ್ತು.

ಒಂದು ಸಂಜೆ ಸೊಳ್ಳೆಯೊಂದು ಬಂದು ಅದರ ಮೇಲೆ ಕೂತಿತು. "ಅಕ್ಕಾ, ನೀನು ಸದಾ ಇಲ್ಲೇ ಇರು. ಅಜ್ಜನ ಮೈವಾಸನೆ ನಮಗೆ ಸೇರದು. ನಾವೆಲ್ಲ ಮುತ್ತುವುದು ಬಸುರಿ ಸೊಸೆಯನ್ನು. ಅವಳ ಮೈಯೊಳಗಿನ ಚಳಿಜ್ವರವನ್ನೇ ಗುಡಿಸಲು ಗುಡಿಸಲಿಗೂ ಹಂಚುತ್ತೇವೆ."

ತಾನು ಕಾಯಬೇಕಾದದ್ದು ಸೊಸೆಯನ್ನೆಂದು ಪರದೆಗೆ ಹೊಳೆಯಿತು. ಅಜ್ಜ ಮಲಗಿದೊಡನೆ ಗಂಟು ಸಡಿಲಿಸಿಕೊಂಡು ಜಾರಿತು. ಅಜ್ಜ ಎದ್ದು ಕಟ್ಟಿದ, ಮತ್ತೆ ಜಾರಿತು.

"ಇದಕ್ಕ ನನ್ನ ಸಂಗ ಬ್ಯಾಡಾಗೈತಿ. ಯವ್ವಾ, ನೀನೇ ಕಟ್ಕೋ" ಎಂದ.

"ನಿಮಗಿಲ್ಲದ್ದು ನನಗ್ಯಾಕ, ಮಾವಾ?"

"ಇನ್ನ ಮ್ಯಾಲ ಈ ಮನಿಗೆ ನಿನ್ನ ಹೊಟ್ಟ್ಯಾಗಿನ ಕೂಸೇ ಹಿರಿಯ ಅಂತ ತಿಳ್ಕೋ."

ಅವಳ ತಲೆಯ ಮೇಲೆ ಗಂಟು ಗಟ್ಟಿಯಾಗಿ ನಿಂತಿತು. ಸೊಳ್ಳೆಗಳು ಹಸಿದು ಹಿಂದಿರುಗಿದವು. ಕೂಸು ಹುಟ್ಟುವ ಹೊತ್ತಿಗೆ ಚಳಿಜ್ವರ ಭಟ್ಟಿಯನ್ನೇ ಬಿಟ್ಟುಹೋಗಿತ್ತು. ಪರದೆ ಇದ್ದದ್ದು ಒಬ್ಬಳ ಮೇಲೆ. ಗುಡಿಸಲಿನ ಸಾಲಿಗೆ ಸಾಲೇ ಅದರೊಳಗೆ ಮಲಗಿತ್ತು.