ನರಿ ಜಾಣಪ್ಪ ಮನೆಗೆ ತಂದ ಬೂದಿ

ಒಂದು ಕಾಡಿನಲ್ಲಿ ಚಳಿಗಾಲ ಬಂತೆಂದರೆ ಪ್ರಾಣಿಗಳೆಲ್ಲ ಬಂಡೆಯ ಕೆಳಗೆ ಒಂದೇ ಬೆಂಕಿ ಹಾಕಿಕೊಂಡು ಮೈ ಕಾಯಿಸುತ್ತಿದ್ದವು. ಬೆಳಗ್ಗೆ ಬೂದಿ ತೆಗೆಯುವ ಪಾಳಿ ದಿನಕ್ಕೊಂದು ಮನೆಯದು. ಬೂದಿಗೆ ನೀರು ಹುಯ್ದು, ಕೋಲಿನಿಂದ ಕಲಸಿ, ಪೂರ್ತಿ ತಣ್ಣಗಾದ ಮೇಲೆ ಹೊಳೆದಂಡೆಯ ಮರಳು ಗುಂಡಿಗೆ ಸುರಿದು ಬರಬೇಕು. ಇದು ಮುಳ್ಳುಹಂದಿ ಅಜ್ಜಿ ಮಾಡಿದ ಕಟ್ಟಳೆ.

ಆ ದಿನ ಪಾಳಿ ನರಿ ಜಾಣಪ್ಪನದು. ಹೆಸರಿಗೆ ತಕ್ಕ ಹಾಗೆ ಅವನು ಜಾಣನೇ, ಆದರೆ ಕೆಲಸ ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ. 'ಅಷ್ಟು ದೂರ ಯಾರು ನಡೀತಾರೆ? ಬೂದಿ ಬೆಚ್ಚಗಿದೆ. ಗವಿಯಲ್ಲಿಟ್ಟರೆ ಹಾಸಿಗೆಯೂ ಬೆಚ್ಚಗಾಗುತ್ತೆ' ಎಂದುಕೊಂಡ. ಒಂದು ಬಿರುಕು ಮಡಕೆಯಲ್ಲಿ ಬೂದಿ ತುಂಬಿ ತಂದು ಒಣಹುಲ್ಲಿನ ಹಾಸಿಗೆಯ ಪಕ್ಕದಲ್ಲೇ ಇಟ್ಟ.

"ಅಪ್ಪಾ, ಇದನ್ನ ಮನೆಗೆ ತರಬಾರದು ಅಂತ ಅಜ್ಜಿ ಹೇಳ್ತಿದ್ರಲ್ಲ?" ಎಂದು ಮಗಳು ಕೆಂಚಿ ಕೇಳಿದಳು.

"ಬೂದಿ ಬೆಳ್ಳಗಿದೆ, ಇದರಲ್ಲೆಲ್ಲಿಯ ಬೆಂಕಿ? ಯಾರ ಹತ್ತಿರವಾದ್ರೂ ಬಾಯಿ ಬಿಟ್ಟೆಯೋ, ಚೆನ್ನಾಗಿ ಬೀಳುತ್ತೆ ನಿಂಗೆ."

ಜಾಣಪ್ಪ ಹೊರಗೆ ಬಂದ. ದಾರಿಯಲ್ಲಿ ಸಿಕ್ಕ ಅಜ್ಜಿಗೆ, "ನೀರು ಹಾಕಿ ಗುಂಡಿಗೆ ಸುರಿದು ಬಂದೆ ಅಜ್ಜಿ" ಎಂದು ಹೇಳಿ, ಬಿಸಿಲಿಗೆ ಮೈಯೊಡ್ಡಿ ಮಲಗಿಬಿಟ್ಟ.

ಬೂದಿಯ ಅಡಿಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಮಡಕೆಯ ಬಿರುಕಿನಿಂದ ಒಂದು ಕಿಡಿ ಹುಲ್ಲಿಗೆ ಬಿತ್ತು. ಹೊಗೆ ಎದ್ದಿತು. ಪಾಪ, ಕೆಂಚಿ ಬಾಗಿಲ ಕಡೆ ಓಡಬಹುದಿತ್ತು, ಕೂಗಬಹುದಿತ್ತು. ಆದರೆ ಕೂಗಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಅಪ್ಪ ಹೊಡೆಯುತ್ತಾನೆ. ಅವಳು ಗವಿಯ ಮೂಲೆಗೆ ಹೋಗಿ ಕಣ್ಣು ಮುಚ್ಚಿ ಕೂತಳು.

ಹೊಗೆ ಕಂಡು ಅಜ್ಜಿ ಓಡಿ ಬಂದಳು. ಜಾಣಪ್ಪನೂ ಎದ್ದುಬಿದ್ದು ಬಂದ. "ಕೆಂಚಿ, ಎಲ್ಲಿದ್ದೀಯೇ?" ಎಂದು ಎಷ್ಟು ಕೂಗಿದರೂ ಉತ್ತರವಿಲ್ಲ. 

ಅಜ್ಜಿ ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲಲ್ಲಿ ಬಗ್ಗಿದಳು. "ಮಗಾ, ನಿನ್ನನ್ನ ಯಾರೂ ಬಯ್ಯಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿ, ಗೋಡೆ ಸವರಿಕೊಂಡು ನನ್ನ ದನಿ ಕಡೆ ತೆವಳಿಕೊಂಡು ಬಾ. ನಾನಿಲ್ಲೇ ಇದ್ದೀನಿ."

ಸ್ವಲ್ಪ ಹೊತ್ತಿಗೆ ಹೊಗೆಯೊಳಗಿಂದ ಪುಟ್ಟ ಮೂತಿಯೊಂದು ಹೊರಬಂತು. ಅಜ್ಜಿ ಅದನ್ನು ಎಳೆದುಕೊಂಡಳು. ಗವಿಯಲ್ಲಿದ್ದದ್ದೆಲ್ಲ ಸುಟ್ಟು ಕರಕಲಾಯಿತು.

"ನಾನು ಅಷ್ಟು ಕೂಗಿದೆನಲ್ಲ, ಯಾಕಮ್ಮಾ ಬರಲಿಲ್ಲ?" ಜಾಣಪ್ಪ ಅಳುತ್ತ ಕೇಳಿದ.

"ನೀನು ಹೊಡೀತೀಯ ಅಂತ" ಎಂದಳು ಕೆಂಚಿ.



ನೀತಿ: ಬೆಂಕಿ ಪೂರ್ತಿ ಆರುವವರೆಗೆ ನಂಬಬಾರದು. ಮಕ್ಕಳೇ, ಮನೆಯಲ್ಲಿ ಹೊಗೆ ಕಂಡರೆ ಬೈಗುಳಕ್ಕೆ ಹೆದರಿ ಅಡಗಬೇಡಿ, ಹೊರಗೆ ಓಡಿ ಬಂದು ದೊಡ್ಡವರನ್ನು ಕೂಗಿ. ದೊಡ್ಡವರೇ, ನಿಮ್ಮ ತಪ್ಪು ಮುಚ್ಚಿಡಲು ಮಕ್ಕಳನ್ನು ಹೆದರಿಸಬೇಡಿ.